ಸಿಪಾಯಿಯ ಹೆಜ್ಜೆಯ ಲೆಕ್ಕ

ಜನವರಿ ೨೬ರ ಬೆಳಿಗ್ಗೆ ದೆಹಲಿಯ ಗಣರಾಜ್ಯೋತ್ಸವದ ಮೆರವಣಿಗೆಯ ವಿವರಣೆಯನ್ನು ರೇಡಿಯೋದಲ್ಲಿ ಕೇಳುವ ಅಭ್ಯಾಸ ನಿಮ್ಮಲ್ಲಿ ಅನೇಕರಿಗೆ ಇದ್ದೀತು. ವಿವರಣೆ ಹೇಳುವವರು ಒಂದು ಗಳಿಗೆ ಮಾತು ನಿಲ್ಲಿಸಿದಾಗ, ಬ್ಯಾಂಡಿನ ಅಬ್ಬರದ ಕೆಳಗಿನಿಂದ ಇನ್ನೊಂದು ಸದ್ದು ಕೇಳಿಬರುತ್ತದೆ. ನೂರಾರು ಜೊತೆ ಬೂಟುಗಳು ಒಂದೇ ಕ್ಷಣದಲ್ಲಿ ನೆಲವನ್ನು ತಟ್ಟುವ ಸದ್ದು ಅದು. ಕಣ್ಣಿಗೆ ಏನೂ ಕಾಣದಿದ್ದರೂ, ದಂಡು ನಡೆಯುತ್ತಿದೆ ಎಂಬುದನ್ನು ಕಿವಿಯೊಂದರಿಂದಲೇ ಹೇಳಿಬಿಡಬಹುದು. ಸಂತೆಯಿಂದ ಹಿಂದಿರುಗುವ ಸಾವಿರ ಜನರ ಕಾಲುಗಳಿಂದ ಅಂಥ ಸದ್ದು ಹುಟ್ಟುವುದಿಲ್ಲ.

ಮುಂದಿನ ಸಲ ಆ ಸದ್ದು ಕೇಳಿದಾಗ ಗಡಿಯಾರವನ್ನು ಎದುರಿಗಿಟ್ಟುಕೊಂಡು ಹೆಜ್ಜೆಗಳನ್ನು ಎಣಿಸಿ ನೋಡಿ. ನಿಮ್ಮ ಮನೆಯ ಹುಡುಗನೊಬ್ಬ ಕಾಲೇಜಿನ ಎನ್.ಸಿ.ಸಿ.ಯಲ್ಲಿದ್ದರೆ ಅವನನ್ನೇ ಕೇಳಿದರೂ ಆದೀತು. 'ತೇಜ್ ಚಲ್' ಎಂದರೆ ನಿಮಿಷಕ್ಕೆ ೧೨೦ ಹೆಜ್ಜೆ, 'ಧೀರೇ ಚಲ್' ಎಂದರೆ ೭೦, 'ದೌಡ್ ಚಲ್' ಎಂದರೆ ೧೮೦ ಎಂದು ಅವನು ಪಾಠ ಒಪ್ಪಿಸಿಯಾನು. ನಡಗೆಯ ಹೆಜ್ಜೆಯ ಉದ್ದ ೩೦ ಅಂಗುಲ ಎಂಬುದನ್ನೂ ಸೇರಿಸಿಯಾನು.

ಈ ಸಂಖ್ಯೆಗಳನ್ನು ಗೊತ್ತುಮಾಡಿದವರು ಯಾರು? ಎಲ್ಲ ದೇಶಗಳ ದಂಡಿಗೂ ಒಂದೇ ಹೆಜ್ಜೆಯೆ? ಅಲ್ಲ. ಇಂದಿಗೂ ನಿಮಿಷಕ್ಕೆ ೮೮ ಹೆಜ್ಜೆಯಿಡುವ ಪಡೆಯುಂಟು, ೧೪೦ ಹೆಜ್ಜೆಯಿಡುವ ಪಡೆಯುಂಟು, ನಡೆಯದೆ ಓಡಿಕೊಂಡೇ ಮೆರವಣಿಗೆ ಹೋಗುವ ಪಡೆಯೂ ಉಂಟು. ಒಂದೇ ದೇಶದ ಭೂಸೇನೆಗೆ ಒಂದು ಹೆಜ್ಜೆ, ವಾಯುಸೇನೆಗೆ ಮತ್ತೊಂದು ಹೆಜ್ಜೆ ಇರುವುದೂ ಉಂಟು. ಈ ಭೇದಗಳು ಯಾರದೋ ಖಯಾಲಿಯಿಂದ ಹುಟ್ಟಿದವು ಎಂದು ನಮಗೆ ತೋರಬಹುದು. ಆದರೆ ಹಿಂದಿನದನ್ನು ಕೆದಕಿ ನೋಡಿದರೆ, ಆ ಹಳೆಯ ಸಂಖ್ಯೆಗಳು ಒಂದು ಆಯುಧಕ್ಕೋ ಒಂದು ನೆಲಕ್ಕೋ ತಕ್ಕಂತೆ ಎಣಿಸಿ ಇಟ್ಟವು ಎಂಬುದು ಕಾಣುತ್ತದೆ. ಆಯುಧ ವಸ್ತುಸಂಗ್ರಹಾಲಯವನ್ನು ಸೇರಿದ ಮೇಲೂ ಸಂಖ್ಯೆ ಉಳಿದುಕೊಂಡಿದೆ. ಎಣಿಕೆ ಆಯುಧಕ್ಕೆ ಹೊಂದದೆ ಹೋದ ದಿನ ಸಾವಿರಾರು ಜನ ಅದರ ಬೆಲೆಯನ್ನು ಪ್ರಾಣದಿಂದ ತೆತ್ತರು.

ಹೆಜ್ಜೆಗೆ ಎರಡು ಅಳತೆಗಳಿವೆ ಎಂಬುದನ್ನು ಮೊದಲು ಗಮನದಲ್ಲಿಡೋಣ. ಒಂದು, ಹಿಮ್ಮಡಿಯಿಂದ ಹಿಮ್ಮಡಿಗೆ ಇರುವ ದೂರ. ಇನ್ನೊಂದು, ನಿಮಿಷಕ್ಕೆ ಎಷ್ಟು ಹೆಜ್ಜೆ ಎಂಬ ಎಣಿಕೆ. ಮೂವತ್ತು ಅಂಗುಲವೆಂದರೆ ನಮ್ಮ ಹಿರಿಯರ ಲೆಕ್ಕದಲ್ಲಿ ಒಂದು ಮೊಳ, ಒಂದು ಗೇಣು, ಮೇಲೆ ಮೂರು ನಾಲ್ಕು ಬೆರಳು. ಅಂಥ ೧೨೦ ಹೆಜ್ಜೆ ಹಾಕಿದರೆ ನಿಮಿಷಕ್ಕೆ ಸರಿಯಾಗಿ ನೂರು ಗಜ. ದಂಡನಾಯಕನಿಗೆ ಇದೆಷ್ಟು ಅನುಕೂಲವೆಂದು ಯೋಚಿಸಿ. ಐನೂರು ಗಜ ದೂರದ ದಿಬ್ಬಕ್ಕೆ ತನ್ನ ತುಕಡಿ ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಅವನು ಕಣ್ಣುಮುಚ್ಚಿ ಹೇಳಬಲ್ಲ.

ಈ ವಿದ್ಯೆ ರೋಮನರಿಗೆ ತಿಳಿದಿತ್ತು. ವೆಜಿಟಿಯಸ್ ಎಂಬಾತ ರೋಮ್ ಸಾಮ್ರಾಜ್ಯದ ಇಳಿಗಾಲದಲ್ಲಿ ಬರೆದ ಯುದ್ಧಶಾಸ್ತ್ರದ ಗ್ರಂಥದಲ್ಲಿ, ಹೊಸದಾಗಿ ಸೇರಿದ ಸಿಪಾಯಿ ಬೇಸಗೆಯ ಐದು ಗಂಟೆಗಳಲ್ಲಿ ಇಪ್ಪತ್ತು ಮೈಲಿ ನಡೆಯಬೇಕು, ತುಂಬುಹೆಜ್ಜೆಯಲ್ಲಾದರೆ ಅಷ್ಟೇ ಹೊತ್ತಿನಲ್ಲಿ ಇಪ್ಪತ್ತನಾಲ್ಕು ಮೈಲಿ ನಡೆಯಬೇಕು ಎಂದು ವಿಧಿಸಿದ್ದಾನೆ. ರೋಮನರು ಹಗಲನ್ನು ಹನ್ನೆರಡು ಪಾಲು ಮಾಡಿ ಒಂದೊಂದು ಪಾಲನ್ನು ಗಂಟೆಯೆನ್ನುತ್ತಿದ್ದರು. ಆದ್ದರಿಂದ ಬೇಸಗೆಯ ಅವರ ಐದು ಗಂಟೆ ನಮ್ಮ ಆರು ಗಂಟೆಗೂ ಮಿಗಿಲು. ಮೈಲಿ ಎಂಬ ಮಾತು ಕೂಡ ಸಿಪಾಯಿಯ ಕಾಲಿನಿಂದಲೇ ಬಂದದ್ದು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ 'ಸಾವಿರ'. ಎಡಗಾಲು ಎತ್ತಿ ಮತ್ತೆ ಅದೇ ಎಡಗಾಲು ಊರುವವರೆಗಿನ ಜೋಡಿಹೆಜ್ಜೆ ಸಾವಿರವಾದರೆ ಒಂದು ಮೈಲಿ. ಈ ಲೆಕ್ಕ ಹಿಡಿದು ಹೋದರೆ ರೋಮನ್ ಸಿಪಾಯಿ ನಿಮಿಷಕ್ಕೆ ನೂರರಿಂದ ನೂರಹತ್ತು ಹೆಜ್ಜೆ ಇಡುತ್ತಿದ್ದನೆಂದು ಕಾಣುತ್ತದೆ. ಎರಡು ಸಾವಿರ ವರ್ಷಗಳಲ್ಲಿ ಮನುಷ್ಯನ ಕಾಲು ಅಷ್ಟೇನೂ ಬದಲಾಗಿಲ್ಲ.

ರೋಮ್ ಅಳಿದ ಮೇಲೆ ಯೂರೋಪಿನಲ್ಲಿ ಈ ವಿದ್ಯೆ ಬಹುಮಟ್ಟಿಗೆ ಮರೆತುಹೋಯಿತು. ಫ್ರಾನ್ಸಿನ ಸೇನಾಪತಿ ಮಾರಿಸ್ ದ ಸಾಕ್ಸ್ ೧೭೩೨ರಲ್ಲಿ ಬರೆದು, ಅವನು ತೀರಿಹೋದ ಮೇಲೆ ೧೭೫೭ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇದಕ್ಕಾಗಿ ಮರುಗುತ್ತಾನೆ. ರೋಮನರ ಗೆಲುವಿನ ಗುಟ್ಟು ತಾಳಕ್ಕೆ ಸರಿಯಾಗಿ ನಡೆಯುವುದರಲ್ಲಿತ್ತು ಎಂಬುದು ಅವನ ವಾದ. ವಾದ್ಯವಿದ್ದರೆ ಜನ ರಾತ್ರಿಯೆಲ್ಲ ಕುಣಿದರೂ ದಣಿಯುವುದಿಲ್ಲ, ವಾದ್ಯವಿಲ್ಲದೆ ಕಾಲುಗಂಟೆ ಕುಣಿಸಿ ನೋಡಿ ಎಂದು ಅವನು ಸವಾಲು ಹಾಕುತ್ತಾನೆ. ಭಜನೆಯಲ್ಲಿ ತಾಳ ಹಿಡಿದು ಕುಣಿದವರಿಗೆ, ನಾಟಿಯ ಗದ್ದೆಯಲ್ಲಿ ಹಾಡಿಗೆ ಕೈಗೂಡಿಸಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ದಣಿವು ಕಳೆಯುವುದೊಂದೇ ಕಾರಣವಲ್ಲ. ಮುಖ್ಯ ಕಾರಣ ಬಂದೂಕು. ಆ ಕಾಲದ ಬಂದೂಕಿನ ನಳಿಗೆಯ ಒಳಮೈ ನುಣುಪು. ಅದರಿಂದ ಹಾರಿದ ಗುಂಡು ನೂರು ಗಜದಾಚೆ ಎತ್ತ ಹೋಗುತ್ತದೆಂದು ಹಾರಿಸಿದವನಿಗೂ ತಿಳಿಯದು. ಒಬ್ಬೊಬ್ಬನೇ ಗುರಿಯಿಟ್ಟು ಹೊಡೆದು ಪ್ರಯೋಜನವಿಲ್ಲ. ನೂರಾರು ಜನ ಭುಜಕ್ಕೆ ಭುಜ ತಾಗಿಸಿ ನಿಂತು ಒಮ್ಮೆಗೇ ಹಾರಿಸಬೇಕು. ಹಾಗೆ ನಿಂತ ಸಾಲು ಹಾಗೆಯೇ ನಡೆದು ಮುಂದೆ ಹೋಗಬೇಕು. ಉಳುಮೆಯ ಹೊಲ, ಹಳ್ಳ, ಬೇಲಿ ಏನು ಬಂದರೂ ಸಾಲು ಮುರಿಯಬಾರದು. ಹತ್ತು ಜನ ಮುಂದೆ, ಹತ್ತು ಜನ ಹಿಂದೆ ಆದರೆ ಹಿಂದಿನವನ ಗುಂಡು ಮುಂದಿನವನ ಬೆನ್ನಿಗೇ ಬಿತ್ತು. ಎಲ್ಲರ ಹೆಜ್ಜೆಯೂ ಒಂದೇ ಉದ್ದ, ಒಂದೇ ತಾಳವಾಗಬೇಕಾದದ್ದು ಈ ಕಾರಣದಿಂದ.

ಇದನ್ನು ಮೊದಲು ಪಟ್ಟುಹಿಡಿದು ಸಾಧಿಸಿದವರು ಪ್ರಷ್ಯದವರು. 'ಹಳೆಯ ದೆಸ್ಸೌವರ್' ಎಂದು ಹೆಸರಾಗಿದ್ದ ರಾಜಕುಮಾರ ಲಿಯೋಪೋಲ್ಡ್ ಬಂದೂಕಿಗೆ ಮದ್ದು ಗಿಡಿಯುವ ಮರದ ಸಲಾಕೆಯ ಬದಲು ಕಬ್ಬಿಣದ ಸಲಾಕೆ ಕೊಡಿಸಿದ, ಕಾಲಾಳುಗಳಿಗೆ ತಾಳದ ನಡಗೆ ಕಲಿಸಿದ. ೧೭೪೧ರ ಏಪ್ರಿಲ್ ೧೦ರಂದು ಮೋಲ್ವಿಟ್ಸ್ ಎಂಬಲ್ಲಿ ಆಸ್ಟ್ರಿಯದವರ ಕುದುರೆ ದಂಡು ಪ್ರಷ್ಯದ ಕುದುರೆ ದಂಡನ್ನು ಚದರಿಸಿಬಿಟ್ಟಿತು. ತರುಣ ದೊರೆ ಫ್ರೆಡರಿಕ್ ರಣರಂಗ ಬಿಟ್ಟು ಹೊರಟೂ ಹೋದ. ಆಮೇಲೆ ದಿನವನ್ನು ಗೆದ್ದುಕೊಟ್ಟವರು ಆ ಕಾಲಾಳುಗಳು. ದೊರೆ ಇಲ್ಲದಿದ್ದರೂ ಅವರ ಸಾಲು ಮುರಿಯಲಿಲ್ಲ, ಹೆಜ್ಜೆ ತಪ್ಪಲಿಲ್ಲ.

ಅವರ ಹೆಜ್ಜೆ ಎಷ್ಟು ಬಿರುಸಾಗಿತ್ತು ಎಂದುಕೊಂಡಿರಿ? ನಿಮಿಷಕ್ಕೆ ಸುಮಾರು ೭೫. ದೇವರ ಉತ್ಸವದ ಹಿಂದೆ ನಾವು ನಡೆಯುವಷ್ಟೇ ನಿಧಾನ. ಗುಂಡಿನ ಮಳೆಯಲ್ಲಿ ಇಷ್ಟು ನಿಧಾನವಾಗಿ ನಡೆಯುವುದು ಹುಚ್ಚಲ್ಲವೆ ಎಂದು ನಿಮಗೆ ಅನ್ನಿಸಬಹುದು. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಮೂವತ್ತು ಅಂಗುಲದ ೭೫ ಹೆಜ್ಜೆಯೆಂದರೆ ನಿಮಿಷಕ್ಕೆ ಅರವತ್ತೆರಡೂವರೆ ಗಜ. ಗುಂಡಿಗೆ ಸಿಕ್ಕುವ ನೂರು ಗಜವನ್ನು ದಾಟಲು ಒಂದೂ ಮುಕ್ಕಾಲು ನಿಮಿಷ ಸಾಕು. ಚೆನ್ನಾಗಿ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಹಾರಿಸಬಲ್ಲ. ಹಾಗಾದರೆ ಎದುರಾಳಿಗೆ ಸಿಕ್ಕುವ ಅವಕಾಶ ಐದೇ ಐದು ಬಾರಿ. ಓಡಿಹೋದರೆ ಆ ಐದು ಮೂರಾದೀತು, ಆದರೆ ಸಾಲು ಚೂರಾಗುತ್ತದೆ. ನಿಧಾನವಾಗಿ ಹೋಗಿ ಸಾಲನ್ನು ಉಳಿಸಿಕೊಳ್ಳುವುದೇ ಲಾಭವೆಂದು ಅಂದಿನ ಸೇನಾನಿಗಳು ಎಣಿಸಿದರು. ಕ್ರೂರವಾದ ಲೆಕ್ಕ ನಿಜ, ಆದರೆ ಆ ಬಂದೂಕಿಗೆ ಅದು ಸರಿಯಾದ ಲೆಕ್ಕ.

ಪ್ರಷ್ಯದ ಈ ಪಾಠ ಎಲ್ಲೆಡೆಗೂ ಹಬ್ಬಿತು. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ವಾಷಿಂಗ್ಟನ್ನನ ದಂಡಿಗೆ ಕವಾಯತು ಕಲಿಸಲು ೧೭೭೮ರಲ್ಲಿ ಫಾನ್ ಸ್ಟೂಬೆನ್ ಎಂಬ ಪ್ರಷ್ಯದವನೇ ಬಂದ. ಮರುವರ್ಷ ಅವನು ಸಿದ್ಧಪಡಿಸಿದ ನಿಯಮಾವಳಿಯಲ್ಲಿ ಸಾಮಾನ್ಯ ಹೆಜ್ಜೆ ಎರಡು ಅಡಿ, ನಿಮಿಷಕ್ಕೆ ೭೫. ಬಿರುಸು ಹೆಜ್ಜೆಯೂ ಎರಡೇ ಅಡಿ, ನಿಮಿಷಕ್ಕೆ ೧೨೦. ಬ್ರಿಟಿಷರಿಗೆ ಡೇವಿಡ್ ಡಂಡಾಸ್ ಬರೆದ ಪುಸ್ತಕವನ್ನು ಆಧರಿಸಿ ೧೭೯೨ರಲ್ಲಿ ನಿಯಮಾವಳಿ ಬಂತು. ಅಲ್ಲಿ ಸಾಮಾನ್ಯ ಹೆಜ್ಜೆ ನಿಮಿಷಕ್ಕೆ ೭೫, ಬಿರುಸು ಹೆಜ್ಜೆ ೧೦೮, ಸಾಲು ತಿರುಗಿಸುವಾಗಿನ ಹೆಜ್ಜೆ ೧೨೦. ಉದ್ದ ಮಾತ್ರ ೩೦ ಅಂಗುಲ. ಫ್ರಾನ್ಸಿನ ೧೭೯೧ರ ನಿಯಮಾವಳಿಯೂ ಎರಡು ಅಡಿಯನ್ನೇ ಹೇಳಿತು, ಆದರೆ ಅವರ ಅಡಿ ಇಂಗ್ಲಿಷರ ಅಡಿಗಿಂತ ದೊಡ್ಡದು, ಎಣಿಕೆ ೭೬. ಹೀಗೆ ಗುರುಮನೆ ಒಂದೇ ಆದರೂ ಶಿಷ್ಯರ ಅಳತೆ ಬೇರೆ ಬೇರೆಯಾಯಿತು.

ಗಡಿಯಾರ ದುಬಾರಿಯಾಗಿದ್ದ ಆ ಕಾಲದಲ್ಲಿ ಪಟಾಲಮ್ಮಿನ ಹವಾಲ್ದಾರನಿಗೆ ನಿಮಿಷಕ್ಕೆ ೭೫ ಎಂಬುದು ತಿಳಿಯುವುದು ಹೇಗೆ? ಡಂಡಾಸ್ ಹೇಳಿದ ಉಪಾಯವನ್ನು ನೀವು ಮನೆಯಲ್ಲಿಯೇ ಮಾಡಿ ನೋಡಬಹುದು. ಹಿಗ್ಗದ ದಾರಕ್ಕೆ ಬಂದೂಕಿನ ಗುಂಡೊಂದನ್ನು ಕಟ್ಟಿ ತೂಗಬಿಡಬೇಕು. ದಾರದ ಉದ್ದ ಸುಮಾರು ೨೫ ಅಂಗುಲವಾದರೆ ಗುಂಡು ಅತ್ತಿಂದಿತ್ತ ನಿಮಿಷಕ್ಕೆ ೭೫ ಸಲ ತೂಗುತ್ತದೆ. ೧೨ ಅಂಗುಲವಾದರೆ ೧೦೮ ಸಲ, ಹತ್ತು ಅಂಗುಲಕ್ಕೆ ತುಸು ಕಡಮೆಯಾದರೆ ೧೨೦ ಸಲ. ಗುಂಡಿಲ್ಲದಿದ್ದರೆ ಹುಣಿಸೆಬೀಜದಷ್ಟು ದೊಡ್ಡ ಕಲ್ಲಾದರೂ ಆದೀತು. ಹೆಜ್ಜೆಯ ಉದ್ದವನ್ನು ಅಳೆಯಲು ಶಾಲೆಯ ಮಕ್ಕಳ ಕೈವಾರದಂತೆ ಎರಡು ಕಾಲುಗಳ ಮರದ ಕೋಲೊಂದು ಬಳಕೆಗೆ ಬಂತು. ಕವಾಯತು ಕಲಿಸುವ ಹವಾಲ್ದಾರರ ಕಂಕುಳಲ್ಲಿ ಆ ಕೋಲು ಇಂದಿಗೂ ಇದೆ.

ನಮ್ಮ ನಾಡಿಗೂ ಈ ಗಾಳಿ ಬೇಗನೆ ಬೀಸಿತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ ತನ್ನ ಸೈನ್ಯದ ನಿಯಮಗಳನ್ನು 'ಫತ್ಹುಲ್ ಮುಜಾಹಿದೀನ್' ಎಂಬ ಪಾರಸಿ ಗ್ರಂಥದಲ್ಲಿ ಕ್ರೋಡೀಕರಿಸಿದ. ಬರೆದವನು ಜೈನುಲ್ ಆಬಿದೀನ್ ಶೂಸ್ತರಿ. ಕಾಲಾಳುಗಳ ಕವಾಯತಿನ ವಿವರ ಅದರಲ್ಲಿದೆ. ಕವಾಯತು ಎಂಬ ಮಾತನ್ನೇ ನೋಡಿ. ಅದು ಅರಬ್ಬಿಯ 'ಕವಾಯಿದ್', ಎಂದರೆ ನಿಯಮಗಳು. ಅದರ ಏಕವಚನ 'ಕಾಯಿದಾ'. ನಾವು ಕೋರ್ಟು ಕಚೇರಿಗಳಲ್ಲಿ ಹೇಳುವ ಕಾಯಿದೆ. ಕೋರ್ಟಿನ ಕಾಯಿದೆಯೂ ಮೈದಾನದ ಕವಾಯತೂ ಒಂದೇ ತಾಯಿಯ ಮಕ್ಕಳೆಂಬುದು ನಮಗೆ ಮರೆತೇಹೋಗಿದೆ.

ಹೆಜ್ಜೆ ಎಲ್ಲರಿಗೂ ನಿಧಾನವಾಗಿಯೇ ಇದ್ದ ಆ ಕಾಲದಲ್ಲಿ, ಬೇರೆ ಬಗೆಯ ಸಿಪಾಯಿ ಬೇಕೆಂದವನು ಇಂಗ್ಲೆಂಡಿನ ಸರ್ ಜಾನ್ ಮೂರ್. ೧೮೦೩ರಲ್ಲಿ ಶಾರ್ನ್‌ಕ್ಲಿಫ್ ಎಂಬ ಶಿಬಿರದಲ್ಲಿ ಅವನು ಹಗುರ ಕಾಲಾಳುಗಳನ್ನು ತಯಾರುಮಾಡತೊಡಗಿದ. ಮರದ ಮರೆ, ಬಂಡೆಯ ಮರೆ ಹಿಡಿದು, ಮುಖ್ಯ ದಂಡಿಗಿಂತ ಮುಂದೆ ಚದರಿ ನಿಂತು ಹೋರಾಡುವವರು ಇವರು. ಎಲ್ಲರಿಗಿಂತ ಮೊದಲು ತಲುಪಬೇಕು, ಎಲ್ಲರಿಗಿಂತ ಕೊನೆಗೆ ಹಿಂದೆಗೆಯಬೇಕು. ಇಂಥವರಿಗೆ ೭೫ರ ಹೆಜ್ಜೆ ಸಾಲದು. ನಿಮಿಷಕ್ಕೆ ೧೪೦ರ ಬಿರುಸು ನಡಗೆ ಈ ಪರಂಪರೆಯ ಗುರುತಾಯಿತು. ೧೮೦೯ರ ಜುಲೈಯಲ್ಲಿ ಸ್ಪೇಯಿನ್ ದೇಶದ ತಲವೇರಾ ಯುದ್ಧಕ್ಕೆ ಕರೆ ಬಂದಾಗ, ಕ್ರಾಫರ್ಡನ ಹಗುರ ದಳ ಬಿಸಿಲಿನಲ್ಲಿ ಒಂದೇ ಬೀಸಿಗೆ ನಲವತ್ತು ಮೈಲಿಗೂ ಮೀರಿ ನಡೆಯಿತು. ಅಷ್ಟು ನಡೆದು ಬಂದು ನೋಡಿದರೆ ಯುದ್ಧ ಹಿಂದಿನ ದಿನವೇ ಮುಗಿದಿತ್ತು! ಆದರೂ ಸೇನಾ ಇತಿಹಾಸಗಳಲ್ಲಿ ಆ ಯುದ್ಧದಷ್ಟೇ ಆ ನಡಗೆಯೂ ಹೆಸರಾಗಿದೆ.

ಬ್ರಿಟನ್ನಿನ ರೈಫಲ್ಸ್ ಪಡೆ ಇಂದಿಗೂ ೧೪೦ರ ಹೆಜ್ಜೆಯನ್ನೇ ಹಾಕುತ್ತದೆ. ಉಳಿದ ಪಡೆಗಳು ೧೨೦ರ ಆಸುಪಾಸಿನಲ್ಲಿ ಸಾಗುವಾಗ ಇವರು ಕಾಲಿಗೆ ಬುದ್ಧಿ ಹೇಳಿದವರಂತೆ ಕಾಣುತ್ತಾರೆ. 'ಲೈಟ್ ಇನ್‌ಫೆಂಟ್ರಿ' ಎಂಬ ಬಿರುದು ಕಂಪನಿ ಸರ್ಕಾರದ ಕಾಲದಲ್ಲಿ ನಮ್ಮ ದೇಶದ ಕೆಲವು ಪಟಾಲಮ್ಮುಗಳಿಗೂ ದೊರೆಯಿತು. ಬೆಳಗಾವಿಯಲ್ಲಿ ೧೯೨೨ರಿಂದ ತರಬೇತಿ ಕೇಂದ್ರವುಳ್ಳ ಮರಾಠಾ ಲೈಟ್ ಇನ್‌ಫೆಂಟ್ರಿಯ ಹೆಸರಿನಲ್ಲಿ 'ಲೈಟ್' ಎಂದಿರುವುದು ಈ ಹಗುರ ಕಾಲಾಳುಗಳ ನೆನಪು.

ಇನ್ನು ಲೆಕ್ಕ ತಪ್ಪಿದ ಕಥೆ. ೧೮೪೯ರ ಸುಮಾರಿಗೆ ಫ್ರಾನ್ಸಿನ ಮಿನಿಯೆ ಎಂಬ ಅಧಿಕಾರಿ ಹೊಸ ಬಗೆಯ ಗುಂಡೊಂದನ್ನು ರೂಪಿಸಿದ. ಒಳಗೆ ತಿರುಪು ಗೆರೆ ಕೊರೆದ ನಳಿಗೆಯಿಂದ ಈ ಗುಂಡು ಸುತ್ತುತ್ತ ಹೊರಬಂದು ಮುನ್ನೂರು ನಾನೂರು ಗಜ ದೂರದವರೆಗೂ ಗುರಿ ತಪ್ಪದೆ ಹೋಗಬಲ್ಲುದು. ಸಾವಿನ ಬಯಲು ನೂರು ಗಜವಿದ್ದದ್ದು ನಾಲ್ಕು ಪಾಲು ಹಿಗ್ಗಿತು. ಗುಂಡಿನ ಓಟ ಹೆಚ್ಚಿದರೆ ಕಾಲಿನ ಓಟವೂ ಹೆಚ್ಚಬೇಕು ಎಂದು ಸೇನೆಗಳು ಯೋಚಿಸಿದವು. ಅಮೆರಿಕದ ವಿಲಿಯಂ ಹಾರ್ಡೀ ೧೮೫೫ರಲ್ಲಿ ಹೊರತಂದ ಕವಾಯತು ಪುಸ್ತಕದ ಉದ್ದೇಶವೇ ಅದು. ಅದರಲ್ಲಿ ಸಾಮಾನ್ಯ ಹೆಜ್ಜೆ ೨೮ ಅಂಗುಲ, ನಿಮಿಷಕ್ಕೆ ೯೦; ಬಿರುಸು ಹೆಜ್ಜೆ ೧೧೦; ಇನ್ನೂ ಬಿರುಸಾದದ್ದು ೩೩ ಅಂಗುಲ, ನಿಮಿಷಕ್ಕೆ ೧೬೫. ೧೮೬೧ರಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡಾಗ ಎರಡು ಕಡೆಯ ಹಳ್ಳಿಯ ಹುಡುಗರೂ ಈ ಪುಸ್ತಕದಿಂದಲೇ ಪಾಠ ಕಲಿತರು. ಎಡಬಲ ತಿಳಿಯದ ಹೊಸಬರ ಒಂದು ಕಾಲಿಗೆ ಒಣಹುಲ್ಲನ್ನೂ ಇನ್ನೊಂದಕ್ಕೆ ಗೋಧಿಯ ಜೊಂಡನ್ನೂ ಕಟ್ಟಿ, 'ಹುಲ್ಲು, ಜೊಂಡು' ಎಂದು ಕೂಗಿ ಹೆಜ್ಜೆ ಹಾಕಿಸುತ್ತಿದ್ದರೆಂದು ಹೇಳುತ್ತಾರೆ.

ಹೆಜ್ಜೆಯನ್ನು ಹೆಚ್ಚಿಸಿದರೂ ಅದು ಸಾಲದೆ ಹೋಯಿತು. ೧೮೬೩ರ ಜುಲೈ ೩ರ ಮಧ್ಯಾಹ್ನ ಗೆಟಿಸ್‌ಬರ್ಗಿನಲ್ಲಿ ದಕ್ಷಿಣದವರ ಸುಮಾರು ೧೨,೫೦೦ ಜನ ಸಾಲುಕಟ್ಟಿ, ಬಾವುಟ ಹಿಡಿದು, ಎದುರಿನ ದಿಬ್ಬದ ಕಡೆಗೆ ಹೊರಟರು. ನಡುವೆ ಇದ್ದದ್ದು ಮುಕ್ಕಾಲು ಮೈಲಿ ಬಟ್ಟಬಯಲು. ಹಾರ್ಡೀಯ ಬಿರುಸು ಹೆಜ್ಜೆಯ ಲೆಕ್ಕದಲ್ಲಿಯೇ ಅದನ್ನು ದಾಟಲು ಹದಿನೈದು ನಿಮಿಷ ಬೇಕು. ಮೊದಲು ಫಿರಂಗಿ, ಆಮೇಲೆ ಬಂದೂಕು. ಕೊನೆಯ ನಾನೂರು ಗಜವೊಂದಕ್ಕೇ ನಾಲ್ಕೂವರೆ ನಿಮಿಷಕ್ಕಿಂತ ಹೆಚ್ಚು. ಪ್ರಷ್ಯದ ಕಾಲಾಳು ಎದುರಿಸಬೇಕಾಗಿದ್ದದ್ದು ಐದು ಸಲದ ಗುಂಡು. ಇವರು ಎದುರಿಸಿದ್ದು ಅದರ ಎರಡರಷ್ಟಕ್ಕೂ ಮೀರಿದ್ದು. ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಸಿಕ್ಕರು. ಅವರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ, ಕವಾಯತಿಗೂ ಕೊರತೆಯಿರಲಿಲ್ಲ. ಸಾಲನ್ನು ಮುರಿಯದೆ ಎಷ್ಟು ಬೇಗ ನಡೆಯಬಹುದು ಎಂಬುದಕ್ಕೆ ಮನುಷ್ಯನ ಕಾಲಿನಲ್ಲಿ ಒಂದು ಮಿತಿಯಿದೆ. ಗುಂಡು ಆ ಮಿತಿಯನ್ನು ಹಿಂದೆ ಹಾಕಿ ಹೋಗಿತ್ತು, ಅಷ್ಟೆ.

ಬಂದೂಕಿನ ಬದಿಯಿಂದ ಮಾತ್ರವಲ್ಲ, ಎಂಜಿನಿಯರರ ಬದಿಯಿಂದಲೂ ಒಂದು ಎಚ್ಚರಿಕೆ ಬಂದಿತ್ತು. ೧೮೩೧ರ ಏಪ್ರಿಲ್ ೧೨ರಂದು ಮ್ಯಾಂಚೆಸ್ಟರ್ ಬಳಿಯ ಬ್ರಾಟನ್ ತೂಗುಸೇತುವೆಯ ಮೇಲೆ ರೈಫಲ್ ಪಡೆಯ ೭೪ ಜನ ನಾಲ್ಕು ನಾಲ್ಕು ಮಂದಿಯಾಗಿ ಬರುತ್ತಿದ್ದರು. ತಮ್ಮ ಹೆಜ್ಜೆಗೆ ಸರಿಯಾಗಿ ಸೇತುವೆ ಉಯ್ಯಾಲೆಯಂತೆ ಏರಿಳಿಯುವುದನ್ನು ಕಂಡು ಅವರಿಗೆ ಮೋಜೆನಿಸಿತು. ಇನ್ನಷ್ಟು ಬಿರುಸಾಗಿ ಕಾಲು ಅಪ್ಪಳಿಸಿದರು. ಸೇತುವೆ ಕುಸಿದು ನಲವತ್ತರಷ್ಟು ಮಂದಿ ನೀರಿಗೆ ಬಿದ್ದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಂದಿನಿಂದ ಸೇತುವೆ ದಾಟುವಾಗ ಹೆಜ್ಜೆಯ ತಾಳವನ್ನು ಮುರಿದು ನಡೆಯಬೇಕೆಂದು ಬ್ರಿಟಿಷ್ ಸೈನ್ಯದಲ್ಲಿ ಆಜ್ಞೆಯಾಯಿತು. ಫ್ರಾನ್ಸಿನ ಆಂಜೆ ನಗರದಲ್ಲಿ ೧೮೫೦ರ ಏಪ್ರಿಲ್ ೧೬ರಂದು ಆದದ್ದು ಇದಕ್ಕಿಂತ ಘೋರ. ಬಿರುಗಾಳಿಯಲ್ಲಿ ತೂಗುಸೇತುವೆ ದಾಟುತ್ತಿದ್ದ ಪಟಾಲಮ್ಮಿಗೆ ತಾಳ ಮುರಿಯಿರೆಂದು ಆಜ್ಞೆ ಕೊಟ್ಟೇ ಇದ್ದರು. ಆದರೆ ಸೇತುವೆ ಹೊಯ್ದಾಡುವಾಗ ಬೀಳದಂತೆ ಕಾಲೂರಲು ಹೋಗಿ ಎಲ್ಲರ ಹೆಜ್ಜೆಯೂ ಸೇತುವೆಯ ತೂಗಾಟಕ್ಕೆ ತಾನಾಗಿಯೇ ಹೊಂದಿಕೊಂಡಿತು. ೨೨೬ ಜನ ಸತ್ತರು. ಕೂಡಿ ನಡೆಯುವುದನ್ನು ಕಲಿಸುವಷ್ಟೇ, ಬೇಕಾದಾಗ ಅದನ್ನು ಬಿಡಿಸುವುದೂ ಕಷ್ಟವೆಂಬುದನ್ನು ದಂಡುಗಳು ಹೀಗೆ ಕಲಿತವು.

ಯಂತ್ರಬಂದೂಕು ಬಂದ ಮೇಲೆ ಸಾಲುಕಟ್ಟಿ ನಡೆಯುವ ಯುದ್ಧವೇ ಕೊನೆಗಂಡಿತು. ಹೆಜ್ಜೆ ರಣರಂಗವನ್ನು ಬಿಟ್ಟು ಮೈದಾನಕ್ಕೂ ರಾಜಬೀದಿಗೂ ಬಂತು. ಪ್ರಾಣದ ಲೆಕ್ಕವಾಗಿದ್ದದ್ದು ಶಿಸ್ತಿನ, ಅಭಿಮಾನದ, ನೆನಪಿನ ಲೆಕ್ಕವಾಯಿತು. ಹಾಗೆಂದು ಭೇದಗಳು ಅಳಿಯಲಿಲ್ಲ. ಇನ್ನೂ ಗಟ್ಟಿಯಾದವು ಎಂದರೂ ತಪ್ಪಿಲ್ಲ.

ಪ್ಯಾರಿಸ್ಸಿನಲ್ಲಿ ಪ್ರತಿವರ್ಷ ಜುಲೈ ೧೪ರಂದು ನಡೆಯುವ ಮೆರವಣಿಗೆಯನ್ನು ನೋಡಿ. ಫ್ರಾನ್ಸಿನ ಪಡೆಗಳು ನಿಮಿಷಕ್ಕೆ ಸುಮಾರು ೧೨೦ ಹೆಜ್ಜೆಯಂತೆ ಸಾಗಿಹೋಗುತ್ತವೆ. ೧೮೩೧ರಲ್ಲಿ ಪರದೇಶದವರನ್ನು ಸೇರಿಸಿ ಕಟ್ಟಿದ 'ವಿದೇಶಿ ಲೀಜನ್' ಮಾತ್ರ ೮೮ರ ನಿಧಾನ ಹೆಜ್ಜೆಯನ್ನು ಬಿಟ್ಟುಕೊಟ್ಟಿಲ್ಲ. ಹೆಜ್ಜೆಯ ಉದ್ದ ೭೫ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಉಳಿದವರು ನಿಮಿಷಕ್ಕೆ ೯೦ ಮೀಟರ್ ಹೋದಾಗ ಇವರು ಹೋಗುವುದು ೬೬ ಮೀಟರ್. ನಡುವೆ ಸೇರಿಸಿದರೆ ಹಿಂದಿನವರು ಇವರ ಬೆನ್ನು ಹತ್ತಿಬಿಡುತ್ತಾರೆ. ಆದ್ದರಿಂದ ಕಾಲಾಳುಗಳ ಮೆರವಣಿಗೆಯ ಕೊನೆಯ ಸ್ಥಾನ ಇವರದು. ಎಲ್ಲರೂ ಹೋದ ಮೇಲೆ, ಬೀದಿ ಖಾಲಿಯಾದ ಮೇಲೆ, ಇವರು ತಮ್ಮದೇ ತಾಳದಲ್ಲಿ ಬರುತ್ತಾರೆ. ಜನ ಎದ್ದುನಿಂತು ಕೈತಟ್ಟುವುದೂ ಇವರಿಗೇ. ೨೦೦೯ರ ಜುಲೈ ೧೪ರಂದು ಇದೇ ಬೀದಿಯಲ್ಲಿ ನಮ್ಮ ಮೂರೂ ಸೇನೆಗಳ ತುಕಡಿ ಅತಿಥಿಯಾಗಿ ಎಲ್ಲರಿಗಿಂತ ಮುಂದೆ ನಡೆಯಿತು. ಅದರ ಮುಂಚೂಣಿಯಲ್ಲಿದ್ದದ್ದು ನಮ್ಮ ಬೆಳಗಾವಿಯ ನಂಟಿನ ಮರಾಠಾ ಲೈಟ್ ಇನ್‌ಫೆಂಟ್ರಿ.

ಇಟಲಿಯ ಬೆರ್ಸಲ್ಯೇರಿ ಎಂಬ ಪಡೆಯ ರೀತಿ ಇದಕ್ಕೆ ತೀರ ವಿರುದ್ಧ. ೧೮೩೬ರಲ್ಲಿ ಹುಟ್ಟಿದ ಈ ಪಡೆಯವರು ಟೋಪಿಗೆ ಗರಿ ಸಿಕ್ಕಿಸಿಕೊಂಡು ಮೆರವಣಿಗೆಯ ಉದ್ದಕ್ಕೂ ಓಡುತ್ತಾರೆ. ಅವರ ಬ್ಯಾಂಡಿನವರೂ ತುತ್ತೂರಿ ಊದುತ್ತಲೇ ಓಡುತ್ತಾರೆ!

ಅಮೆರಿಕದಲ್ಲಿ ಭೇದ ಇನ್ನೂ ಸೂಕ್ಷ್ಮ. ಅಲ್ಲಿನ ಭೂಸೇನೆಯ ಹೆಜ್ಜೆ ೩೦ ಅಂಗುಲ, ನಿಮಿಷಕ್ಕೆ ೧೨೦. ವಾಯುಸೇನೆಯ ನಿಯಮಾವಳಿ ಹೇಳುವುದು ೨೪ ಅಂಗುಲ, ನಿಮಿಷಕ್ಕೆ ೧೦೦ರಿಂದ ೧೨೦. ಎರಡೂ ಒಂದೇ ಬ್ಯಾಂಡಿಗೆ ೧೨೦ರಂತೆ ಕಾಲೆತ್ತಿದರೂ ಭೂಸೇನೆಯವನು ನಿಮಿಷಕ್ಕೆ ೩೦೦ ಅಡಿ, ವಾಯುಸೇನೆಯವನು ೨೪೦ ಅಡಿ ಹೋಗಿರುತ್ತಾನೆ. ಕಿವಿಗೆ ಇಬ್ಬರೂ ಒಂದೇ, ಕಣ್ಣಿಗೆ ಅರವತ್ತು ಅಡಿ ಅಂತರ. ಓಡುನಡಗೆಯಲ್ಲೂ ಹೀಗೆಯೇ. ನಿಮಿಷಕ್ಕೆ ೧೮೦ ಎಂಬುದು ಭೂಸೇನೆಗೂ ಮೆರೀನ್ ಪಡೆಗೂ ಸಮಾನ. ಆದರೆ ಮೆರೀನನ ಹೆಜ್ಜೆ ೩೬ ಅಂಗುಲ, ಭೂಸೇನೆಯವನದು ೩೦. ಎಣಿಕೆಯೊಂದು ಸರಿಯಾದರೆ ಸಾಲದು, ಅಳತೆಯೂ ಸರಿಯಾಗಬೇಕು ಎಂದು ನಾನು ಮೊದಲಿಗೆ ಹೇಳಿದ್ದು ಇದಕ್ಕೇ.

ಮತ್ತೆ ೭೫ಕ್ಕೆ ಬರೋಣ. ಪ್ರಷ್ಯದ ಕಾಲಾಳು ಗುಂಡಿಗೆ ಎದೆಯೊಡ್ಡಿ ನಡೆದ, ಸ್ಟೂಬೆನ್ ಅಮೆರಿಕದವರಿಗೆ ಕಲಿಸಿದ, ಡಂಡಾಸ್ ದಾರಕ್ಕೆ ಗುಂಡು ಕಟ್ಟಿ ಅಳೆದ ಆ ಹೆಜ್ಜೆ ಏನಾಯಿತು? ೨೦೨೨ರ ಸೆಪ್ಟೆಂಬರ್ ೧೪ರಂದು ಲಂಡನ್ನಿನಲ್ಲಿ ರಾಣಿ ಎರಡನೆಯ ಎಲಿಜಬೆತ್ತರ ಶವಪೆಟ್ಟಿಗೆಯನ್ನು ಅರಮನೆಯಿಂದ ವೆಸ್ಟ್‌ಮಿನ್‌ಸ್ಟರ್ ಸಭಾಂಗಣಕ್ಕೆ ಒಯ್ದರು. ಸೈನಿಕರೂ, ಹಿಂದೆ ಬಂದ ಮಕ್ಕಳು ಮೊಮ್ಮಕ್ಕಳೂ ಒಂದೇ ತಾಳದಲ್ಲಿ ನಡೆದರು. ಬಹುಶಃ ನೀವೂ ಆ ದೃಶ್ಯವನ್ನು ಕಂಡಿರಬಹುದು. ಹೆಜ್ಜೆ ನಿಮಿಷಕ್ಕೆ ೭೫. ಇನ್ನೂರು ಮುನ್ನೂರು ವರ್ಷಗಳ ಹಿಂದೆ ಯುದ್ಧಕ್ಕೆ ಹೋ‌ಗುವವರ ಹೆಜ್ಜೆಯಾಗಿದ್ದದ್ದು ಇಂದು ಸತ್ತವರನ್ನು ಕಳುಹಿಸಿಕೊಡುವ ಹೆಜ್ಜೆಯಾಗಿದೆ. ಯೋಚಿಸಿದರೆ, ಆಗಲೂ ಆ ಹೆಜ್ಜೆಯಲ್ಲಿ ಹೊರಟವರಲ್ಲಿ ಬಹಳ ಮಂದಿ ಸಾವಿನ ಕಡೆಗೇ ನಡೆದಿದ್ದರು.

ನಮ್ಮ ಮಕ್ಕಳು ಶಾಲೆಯ ಬಯಲಿನಲ್ಲಿ ಆಗಸ್ಟ್ ೧೫ಕ್ಕೆಂದು ಎಡ–ಬಲ ಅಭ್ಯಾಸ ಮಾಡುವಾಗ ಈ ಕಥೆಗಳೆಲ್ಲ ಅವರಿಗೆ ತಿಳಿದಿರಬೇಕಾಗಿಲ್ಲ. ಹತ್ತಾರು ಜಾತಿ, ಹತ್ತಾರು ಮನೆಗಳ ಹುಡುಗರು, ಉದ್ದ ಕಾಲಿನವನು, ಗಿಡ್ಡ ಕಾಲಿನವನು, ಎಲ್ಲರೂ ಪಕ್ಕದವನ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಹೊಂದಿಸಿಕೊಳ್ಳುವುದನ್ನು ಕಲಿತರೆ ಅದೇ ದೊಡ್ಡದು. ಉದ್ದ ಕಾಲಿನವನು ತುಸು ಚಿಕ್ಕದಾಗಿ, ಗಿಡ್ಡ ಕಾಲಿನವನು ತುಸು ದೊಡ್ಡದಾಗಿ ಇಟ್ಟಾಗಲೇ ಮೂವತ್ತು ಅಂಗುಲವಾಗುವುದು. ಆದರೆ ದೊಡ್ಡವರಾದ ನಮಗೆ ಇನ್ನೊಂದು ಮಾತೂ ನೆನಪಿರಲಿ. ಒಂದು ಕಾಲಕ್ಕೆ ಸರಿಯಾಗಿದ್ದ ಅಳತೆ ಎಲ್ಲ ಕಾಲಕ್ಕೂ ಸರಿಯಾಗಿರುತ್ತದೆಂದು ನಂಬಿ ಇನ್ನೊಬ್ಬರ ಮಕ್ಕಳನ್ನು ಬಯಲಿಗೆ ನಡೆಸುವುದಕ್ಕೆ ಮೊದಲು ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಬೇಕು.

ಈ ಸಲ ಗಣರಾಜ್ಯೋತ್ಸವದ ಬೆಳಿಗ್ಗೆ ರೇಡಿಯೋ ಹಾಕಿದಾಗ ಮಕ್ಕಳನ್ನು ಹತ್ತಿರ ಕೂಡಿಸಿಕೊಳ್ಳಿ. ಬ್ಯಾಂಡಿನ ಸದ್ದು ತುಸು ತಗ್ಗಿದಾಗ ಬೂಟಿನ ಸದ್ದಿಗೆ ಕಿವಿಗೊಟ್ಟು, ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಲು ಹೇಳಿ. ಎಷ್ಟಾಯಿತೆಂದು ಅವರು ಹೇಳಿದ ಮೇಲೆ, ಅದು ಅಷ್ಟೇ ಏಕೆ ಎಂಬ ಕಥೆಯನ್ನು ನೀವು ಹೇಳಬಹುದು.